ಬಂಗಾರದ ಕರು ಮತ್ತು ನಮ್ಮೂರ ಬಸವಣ್ಣ

ಕುರುಗೋಡು ನನ್ನ ತವರು. ಅಲ್ಲಿನ ದೊಡ್ಡಬಸವೇಶ್ವರ ಒಂದೇ ಕಲ್ಲಿನ ಭಾರಿ ನಂದಿ. ಅವನ ಮುಖ ನೋಡಲು ಚಿಕ್ಕಂದಿನಲ್ಲಿ ಅಪ್ಪನ ಹೆಗಲೇರಬೇಕಿತ್ತು. ಮುಂದೆ ಬಳ್ಳಾರಿಯಲ್ಲಿ ಹೈಸ್ಕೂಲು ಓದುವಾಗ ಒಬ್ಬ ಮೇಡಂ ಮೋಶೆಯ ಕಥೆ ಹೇಳುತ್ತ, "ನಿಮ್ಮೂರ ಬಸವಣ್ಣ ಇದ್ದಾನಲ್ಲ, ಅಂಥದ್ದೇ ಆ ಬಂಗಾರದ ಕರು. ಪೂಜೆ ಮಾಡಿದವರನ್ನು ದೇವರು ಕೊಲ್ಲಿಸಿದ" ಎಂದರು. ಆ ರಾತ್ರಿ ಊಟ ಬಿಟ್ಟೆ. ಅವ್ವ ಎಷ್ಟು ಕೇಳಿದರೂ ಕಾರಣ ಹೇಳಲಿಲ್ಲ.

ಸಿರುಗುಪ್ಪದಲ್ಲಿ ಶಿಕ್ಷಕಿಯಾಗಿ ಬಹಳ ವರ್ಷ ಕಳೆದ ಮೇಲೆ, ಸಹೋದ್ಯೋಗಿಯೊಬ್ಬರ ಮನೆಯಿಂದ ಕನ್ನಡ ಬೈಬಲ್ ತಂದು ಆ ಅಧ್ಯಾಯವನ್ನು ನಾನೇ ಓದಿದೆ. ಈ ಗ್ರಂಥ ಕನ್ನಡಕ್ಕೆ ಬರಲು ನಮ್ಮ ಬಳ್ಳಾರಿಯೂ ಕಾರಣ. ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ 1810ರಲ್ಲಿ ಇಲ್ಲಿಗೆ ಬಂದು, ಕನ್ನಡ ಕಲಿತು, ಅನುವಾದಕ್ಕೆ ಕೂತವರು. ನಾನು ಓದಿದ್ದು ಈಚಿನ ಅನುವಾದ.

ವಿಮೋಚನಕಾಂಡದ 32ನೆಯ ಅಧ್ಯಾಯ. ಮೋಶೆ ಬೆಟ್ಟದಿಂದ ಇಳಿಯಲು ತಡಮಾಡಿದ. ಜನ ಅವನ ಅಣ್ಣ ಆರೋನನನ್ನು ದೇವರು ಮಾಡಿಕೊಡೆಂದು ಕಾಡಿದರು. ಹೆಂಡತಿ ಮಕ್ಕಳ ಕಿವಿಯೋಲೆ ಬಿಚ್ಚಿ ತನ್ನಿರೆಂದ ಆತ. (ಗಂಡಸರ ಹರಕೆಗೆ ಹೆಂಗಸರ ಓಲೆ, ಇದೇನು ಹೊಸದಲ್ಲ.) ಆಮೇಲೆ ಮೋಶೆ ಗದರಿಸಿದಾಗ ಆರೋನ ಕೊಟ್ಟ ಉತ್ತರ ನೋಡಿ: ಬಂಗಾರವನ್ನು ಬೆಂಕಿಗೆ ಹಾಕಿದೆ, ಈ ಕರು ಹೊರಗೆ ಬಂತು! ಹೋಂವರ್ಕ್ ಮಾಡದ ಹುಡುಗರಿಂದ ಇಂಥ ಉತ್ತರ ಎಷ್ಟೋ ಕೇಳಿದ್ದೇನೆ. ಆರೋನನ ತಲೆ ಉಳಿಯಿತು. ಮೂರು ಸಾವಿರ ಜನ ಸತ್ತರು. ಇದೆಂಥ ನ್ಯಾಯ ಎಂದು ಪುಸ್ತಕ ಮುಚ್ಚಿಟ್ಟೆ.

ಮತ್ತೆ ತೆರೆದಾಗ ಮೇಡಂ ಹೇಳದೇ ಬಿಟ್ಟ ಒಂದು ಸಂಗತಿ ಕಂಡಿತು. ಕೊಲೆಗೆ ಮುಂಚೆ, ಬೆಟ್ಟದ ಮೇಲೆ, ದೇವರು ಎಲ್ಲರನ್ನೂ ನಾಶಮಾಡುತ್ತೇನೆ, ನಿನ್ನಿಂದಲೇ ಹೊಸ ಜನಾಂಗ ಬೆಳೆಸುತ್ತೇನೆ ಎನ್ನುತ್ತಾನೆ. ಆಸೆಗೆ ಬೀಳಬಹುದಾಗಿದ್ದ ಮೋಶೆ ವಾದಕ್ಕಿಳಿಯುತ್ತಾನೆ: ಐಗುಪ್ತದವರು ಏನೆಂದಾರು? ಅಬ್ರಹಾಮನಿಗೆ ಕೊಟ್ಟ ಮಾತೇನಾಯಿತು? ದೇವರು ಸೋತು ಮನಸ್ಸು ಬದಲಿಸುತ್ತಾನೆ. ಇದು 14ನೆಯ ವಚನದಲ್ಲೇ ಮುಗಿದಿದೆ. ಕತ್ತಿ ಹೊರಬರುವುದು 27ರಲ್ಲಿ. ದೇವರ ಅಪ್ಪಣೆಯೆಂದು ಹೇಳುವವನು ಮೋಶೆ. ದೇವರು ಆ ಅಪ್ಪಣೆ ಕೊಟ್ಟದ್ದನ್ನು ಕಥೆಗಾರ ಎಲ್ಲೂ ಬರೆದಿಲ್ಲ. ಬೆಟ್ಟದ ಮೇಲೆ ಕ್ಷಮೆ ಬೇಡಿದವನೇ ಕೆಳಗೆ ಇಳಿದು, ಕರುವನ್ನು ಕಣ್ಣಾರೆ ಕಂಡು, ಕತ್ತಿ ಹಿಡಿಸಿದ. ಅಧ್ಯಾಯದ ಕೊನೆಗೆ ದೇವರೂ ಪೀಡೆ ಕಳಿಸುತ್ತಾನೆ, ಅದನ್ನು ಮುಚ್ಚಿಡಲಾರೆ. ಆದರೆ ಆ ಮೂರು ಸಾವಿರವನ್ನು ದೇವರ ಲೆಕ್ಕಕ್ಕೆ ಬರೆಯುವವರು ಈ ಎರಡು ವಚನಗಳನ್ನು ಜೊತೆಗಿಟ್ಟು ಓದಬೇಕು.

ನಮ್ಮವರೇನು ಕಡಿಮೆ? ಕಲ್ಲು ದೇವರನ್ನು ಶರಣರೂ ಹಂಗಿಸಿದರು. ಅದು ಮಾತು. ಆದರೆ ಏಕಾಂತದ ರಾಮಯ್ಯ ಜಿನಬಿಂಬ ಒಡೆದದ್ದನ್ನು ಅಬ್ಬಲೂರಿನ ಶಾಸನ ಹೆಮ್ಮೆಯಿಂದಲೇ ಹೇಳುತ್ತದೆ. ಆ ಬಿಂಬಕ್ಕೆ ಕೈಮುಗಿಯುತ್ತಿದ್ದ ಮನೆಯ ಹುಡುಗಿಯೂ ಅಂದು ಊಟ ಬಿಟ್ಟಿರಬೇಕು.

ಅದೇ ಹೀಬ್ರೂ ಗ್ರಂಥಗಳಲ್ಲಿ ಯೋನನ ಪುಟ್ಟ ಪುಸ್ತಕವೂ ಇದೆ. ಮೇಡಂ ಅದನ್ನು ಮೀನಿನ ಹೊಟ್ಟೆಯವರೆಗೆ ಮಾತ್ರ ಹೇಳಿದ್ದರು. ನಿನೆವೆ ಪರದೇವರುಗಳ ಪಟ್ಟಣ. ಯೋನ ಎಚ್ಚರಿಸಿದಾಗ ಅಲ್ಲಿಯವರು ಉಪವಾಸ ಮಾಡಿ, ದನಗಳಿಗೂ ಗೋಣಿತಟ್ಟು ಹೊದಿಸಿ, ಕೆಟ್ಟ ನಡತೆ, ಹಿಂಸೆ ಬಿಟ್ಟರು. ವಿಗ್ರಹ ಒಡೆದರೆಂದು ಒಂದು ಮಾತೂ ಇಲ್ಲ. ದೇವರು ಬಿಟ್ಟುಬಿಟ್ಟ. ಯೋನನಿಗೆ ಸಿಟ್ಟು: ನೀನು ಕರುಣೆ ತೋರುವವನೆಂದು ಗೊತ್ತಿತ್ತು, ಅದಕ್ಕೇ ಓಡಿಹೋಗಿದ್ದೆ! ಮೋಶೆಗೆ ಕ್ಷಮೆ ಬೇಕಿತ್ತು, ಇವನಿಗೆ ಅದೇ ದೂರು. ಆಗ ದೇವರು ಕೇಳುತ್ತಾನೆ: ಎಡಗೈ ಬಲಗೈ ತಿಳಿಯದ 1,20,000ಕ್ಕೂ ಹೆಚ್ಚು ಜನ ಅಲ್ಲಿದ್ದಾರೆ, ದನಕರುಗಳೂ ಬಹಳ ಇವೆ, ನಾನು ಕನಿಕರಪಡಬಾರದೇ?

ದನಕರುಗಳ ಮಾತಿಗೆ ಪುಸ್ತಕ ನಿಂತುಬಿಡುತ್ತದೆ. ಯೋನ ಏನೆಂದನೋ ಬರೆದಿಲ್ಲ.