ಔಷಧನಿರೋಧದ ಪ್ರಾಚೀನತೆ: ಒಂದು ವಿಮರ್ಶೆ

ಪ್ರತಿಜೈವಿಕ ಔಷಧಗಳನ್ನು ಎದುರಿಸಿ ಬದುಕುವ ಶಕ್ತಿಯು ಸೂಕ್ಷ್ಮಜೀವಿಗಳಲ್ಲಿ ಅತಿ ಪುರಾತನವಾದುದೆಂಬ ಮಾತು ಈಚಿನ ವಿಜ್ಞಾನವಾಙ್ಮಯದಲ್ಲಿ ಬಹಳವಾಗಿ ಕೇಳಿಬರುತ್ತಿದೆ. ಮಾತು ಸುಳ್ಳಲ್ಲ. ಆದರೆ ದೋಷವು ಪ್ರಕೃತಿಯದು, ಔಷಧವನ್ನು ಮಿತಿಮೀರಿ ಬಳಸಿದ ಮನುಷ್ಯನದಲ್ಲ ಎಂದು ಅದರಿಂದ ಸಾಧಿಸಹೊರಡುವವರ ತರ್ಕವನ್ನು ಪರೀಕ್ಷಿಸಬೇಕಾಗಿದೆ.

ಈ ವಾದಕ್ಕೆ ಮುಖ್ಯಾಧಾರವು 2011ರಲ್ಲಿ ಕೆನಡದ ವಿದ್ವಾಂಸರು 'ನೇಚರ್' ಪತ್ರಿಕೆಯಲ್ಲಿ ಪ್ರಕಟಿಸಿದ ಲೇಖನ. ಯೂಕಾನ್ ಪ್ರಾಂತದಲ್ಲಿ 30,000 ವರ್ಷಗಳಿಂದ ಹೆಪ್ಪುಗಟ್ಟಿದ್ದ ಮಣ್ಣಿನಲ್ಲಿ ಪೆನಿಸಿಲಿನ್ ವರ್ಗ, ಟೆಟ್ರಾಸೈಕ್ಲಿನ್, ವ್ಯಾಂಕೊಮೈಸಿನ್‌ಗಳನ್ನು ನಿರೋಧಿಸುವ ಜೀನುಗಳು ಅವರಿಗೆ ದೊರೆತವು. ಶಿಲೀಂಧ್ರಗಳೂ ಮಣ್ಣಿನ ಬ್ಯಾಕ್ಟೀರಿಯಗಳೂ ಈ ವಿಷಗಳನ್ನು ತಾವೇ ಉತ್ಪತ್ತಿಮಾಡತಕ್ಕವಾದುದರಿಂದ ಇದರಲ್ಲಿ ಆಶ್ಚರ್ಯವೇನೂ ಇಲ್ಲ. ಆದರೆ ಅದು ಮಣ್ಣು, ಮನುಷ್ಯನ ಕರುಳಲ್ಲ.

ಕರುಳಿಗೆ ಸಂಬಂಧಿಸಿದ ಪ್ರಮಾಣಗಳೂ ಇಲ್ಲದಿಲ್ಲ. ಪೆನಿಸಿಲಿನ್ನನ್ನು ನಾಶಮಾಡುವ ಕಿಣ್ವವೊಂದನ್ನು ಏಬ್ರಹಾಂ ಮತ್ತು ಚೇನ್ ಎಂಬ ಪಂಡಿತರು 1940ರಲ್ಲಿಯೇ ವರ್ಣಿಸಿದರು. ಅದು ದೊರೆತದ್ದು ಕರುಳಿನ ನಿವಾಸಿಯಾದ ಕೋಲೈ ಬ್ಯಾಕ್ಟೀರಿಯದಲ್ಲಿ. ಆಕ್ಸ್‌ಫರ್ಡಿನಲ್ಲಿ ರೋಗಿಗಳಿಗೆ ಆ ಔಷಧವನ್ನು ಕೊಡತೊಡಗಿದ್ದು ಮರುವರ್ಷ. 11ನೆಯ ಶತಮಾನದ ಸುಮಾರಿನ ಆಂಡೀಸ್ ಸೀಮೆಯ ಶುಷ್ಕಶವವೊಂದರ ಕರುಳಿನಲ್ಲಿಯೂ ನಿರೋಧಜೀನುಗಳನ್ನು ಹೋಲುವ ಅಂಶಗಳು ಕಂಡುವೆಂದು 2015ರಲ್ಲಿ ವರದಿಯಾಯಿತು. ಹೋಲಿಕೆ ಮಾತ್ರದಿಂದ ಕಾರ್ಯವು ಸಿದ್ಧವಾಗದು. ಇದಕ್ಕಿಂತ ಬಲವಾದ ಸಾಕ್ಷ್ಯ ಅದೇ ವರ್ಷದ ಮತ್ತೊಂದು ಲೇಖನದಲ್ಲಿದೆ. ವೆನೆಜುವೇಲದ ಅರಣ್ಯದ ಯನೊಮಾಮಿ ಜನರಲ್ಲಿ, ಇಂಥ ಔಷಧವನ್ನು ಸೇವಿಸಿದರೆಂದು ತಿಳಿದುಬಾರದವರ ದೇಹದಲ್ಲಿ, ಕೃತಕ ಔಷಧಗಳನ್ನು ಸಹ ನಿರೋಧಿಸಬಲ್ಲ ಜೀನುಗಳಿದ್ದುವು. ಆದರೂ ಅವರಿಂದ ಪ್ರತ್ಯೇಕಿಸಿದ ಕೋಲೈಗಳು ಪರೀಕ್ಷಿಸಿದ ಔಷಧಗಳಿಗೆ ಸೋತುವು! ಲೇಖನವನ್ನು ಉದಾಹರಿಸುವವರು ಈ ಎರಡನೆಯ ಅಂಶವನ್ನು ಸಾಮಾನ್ಯವಾಗಿ ಬಿಟ್ಟುಬಿಡುತ್ತಾರೆ. ನಮಗೆ ಮುಖ್ಯವೆಂದು ತೋರುವುದು ಅದೇ.

ಜೀನಿನ ವಯಸ್ಸೇ ಬೇರೆ, ಜನಸಮುದಾಯದಲ್ಲಿ ಅದು ಹರಡಿದ ಕಾಲವೇ ಬೇರೆ. ಈ ಭೇದವನ್ನು ಬಹಳ ಹಿಂದೆಯೇ ತೋರಿಸಿದವರು ಹ್ಯೂಸ್ ಮತ್ತು ನವೋಮಿ ದತ್ತಾ. ಮರ್ರೆ ಎಂಬಾತನು 1917ರಿಂದ 1954ರವರೆಗೆ ಸಂಗ್ರಹಿಸಿಟ್ಟಿದ್ದ ಕರುಳುವರ್ಗದ ಬ್ಯಾಕ್ಟೀರಿಯಗಳನ್ನು ಅವರು ಪರಿಶೋಧಿಸಿ 1983ರಲ್ಲಿ ಫಲಿತವನ್ನು ಪ್ರಕಟಿಸಿದರು. ಒಂದು ಜೀವಕೋಶದಿಂದ ಮತ್ತೊಂದಕ್ಕೆ ದಾಟಬಲ್ಲ ಪ್ಲಾಸ್ಮಿಡ್‌ಗಳು ಸುಮಾರು ಕಾಲುಭಾಗದಲ್ಲಿದ್ದುವು. ಔಷಧನಿರೋಧವಾದರೋ ಅತಿ ವಿರಳವಾಗಿತ್ತು. ಔಷಧಯುಗದ ಆಸ್ಪತ್ರೆಗಳಲ್ಲಿ ನಿರೋಧಜೀನುಗಳನ್ನು ಹೊತ್ತು ಸಂಚರಿಸುತ್ತಿದ್ದುವು ಇವೇ ಪ್ಲಾಸ್ಮಿಡ್ ವರ್ಗಗಳು.