ಟಿ-ಅಂಕ: ಒಂದು ಅಂಕೆಯ ಮೇಲೆ ಎಷ್ಟು ಭಾರ?

ಭೌತವಿಜ್ಞಾನದ ಪ್ರಯೋಗಾಲಯದಲ್ಲಿ ವಿದ್ಯಾರ್ಥಿಯೊಬ್ಬ ಒಂದು ಬೆಲೆಯನ್ನು ಬರೆದು ತಂದಾಗ ನಾವು ಮೂರು ಪ್ರಶ್ನೆಗಳನ್ನು ಕೇಳುತ್ತೇವೆ. ಏನನ್ನು ಅಳೆದೆ? ಯಾವುದಕ್ಕೆ ಹೋಲಿಸಿದೆ? ಅಳತೆಯ ದೋಷ ಎಷ್ಟು? ಇವಕ್ಕೆ ಉತ್ತರವಿಲ್ಲದಿದ್ದರೆ ರೆಕಾರ್ಡ್ ಪುಸ್ತಕಕ್ಕೆ ಸಹಿ ಬೀಳುವುದಿಲ್ಲ. ಆದರೆ ಐವತ್ತು ದಾಟಿದ ಮಹಿಳೆಯ ಕೈಗೆ ‘ಟಿ-ಅಂಕ −2.6’ ಎಂದು ಬರೆದ ಚೀಟಿ ಬಂದಾಗ ಈ ಪ್ರಶ್ನೆಗಳನ್ನು ಯಾರೂ ಕೇಳುವುದಿಲ್ಲ. ಆ ಅಂಕೆಯನ್ನು ನಂಬಿ ಕೆಲವರು ನಡೆದಾಡುವುದಕ್ಕೇ ಹೆದರುತ್ತಾರೆ. ‘−1.8, ಪರವಾಗಿಲ್ಲ’ ಎಂಬ ಮಾತು ಕೇಳಿ ಇನ್ನು ಕೆಲವರು ಎಚ್ಚರ ತಪ್ಪುತ್ತಾರೆ. ಎರಡೂ ಅಪಾಯವೇ. ಆದ್ದರಿಂದ ಈ ಅಂಕೆಯನ್ನು ಸ್ವಲ್ಪ ಪರೀಕ್ಷಿಸೋಣ.

ಮೊದಲು ಒಂದು ಪದದ ಗೊಂದಲ ನಿವಾರಣೆಯಾಗಬೇಕು. ಕನ್ನಡದಲ್ಲಿ ‘ಮೂಳೆ ಸವೆತ’ ಎಂಬ ಮಾತನ್ನು ಎರಡು ಬೇರೆ ಬೇರೆ ತೊಂದರೆಗಳಿಗೆ ಬಳಸುತ್ತೇವೆ. ಮಂಡಿಯ ಕೀಲಿನಲ್ಲಿ ಮೃದ್ವಸ್ಥಿ ಸವೆದು ನೋವಾಗುವುದು ಒಂದು. ಮೂಳೆಯ ಒಳಜಾಲ ತೆಳುವಾಗಿ, ಬಲ ಕುಗ್ಗಿ, ಸಣ್ಣ ಪೆಟ್ಟಿಗೂ ಮುರಿಯುವ ಆಸ್ಟಿಯೊಪೊರೋಸಿಸ್ ಇನ್ನೊಂದು. ಎರಡನೆಯದು ಮೂಳೆ ಮುರಿಯುವವರೆಗೂ ಸಾಮಾನ್ಯವಾಗಿ ನೋಯುವುದೇ ಇಲ್ಲ. ಮಂಡಿ ನೋವಿಲ್ಲವೆಂದು ಮೂಳೆ ಗಟ್ಟಿಯಾಗಿದೆ ಎನ್ನಲಾಗದು.

ನಮ್ಮ ಮೂಳೆ ಜೀವಂತ ಅಂಗಾಂಶ. ಒಂದು ಬಗೆಯ ಕೋಶಗಳು ಹಳೆಯ ಮೂಳೆಯನ್ನು ಕರಗಿಸುತ್ತಿರುತ್ತವೆ, ಇನ್ನೊಂದು ಬಗೆಯವು ಹೊಸದನ್ನು ಕಟ್ಟುತ್ತಿರುತ್ತವೆ. ಕರಗಿಸುವ ಕೋಶಗಳಿಗೆ ಈಸ್ಟ್ರೊಜೆನ್ ಹಾರ್ಮೋನು ಕಡಿವಾಣ ಹಾಕುತ್ತದೆ. ಮುಟ್ಟು ನಿಲ್ಲುವ ವೇಳೆಗೆ ಈ ಹಾರ್ಮೋನು ಇಳಿಯುವುದರಿಂದ ಕರಗುವಿಕೆ ಮುಂದಾಗಿ, ಕೆಲವು ವರ್ಷಗಳ ಕಾಲ ಬೆನ್ನುಮೂಳೆಯ ಸಾಂದ್ರತೆ ವರ್ಷಕ್ಕೆ ಸುಮಾರು ಶೇ. 2ರಷ್ಟು ಕಡಿಮೆಯಾಗುತ್ತದೆ. ಭಾರತೀಯ ಮಹಿಳೆಯರಲ್ಲಿ ಮುಟ್ಟು ನಿಲ್ಲುವ ಸರಾಸರಿ ವಯಸ್ಸು ಪಾಶ್ಚಾತ್ಯರಿಗಿಂತ ಕೆಲವು ವರ್ಷ ಮುಂಚೆ, ಅಂದರೆ ಸುಮಾರು 46–47. ಹಾಗಾಗಿ ವಿಷಯ ನಮಗೆ ಹಗುರವಾದುದಲ್ಲ.

ಅಳೆಯುವುದು ಏನನ್ನು?

ಮೂಳೆಯ ಸಾಂದ್ರತೆ ಅಳೆಯುವ ಪ್ರಮಾಣಿತ ಯಂತ್ರದ ಹೆಸರು ಡೆಕ್ಸಾ. ಅದು ಎರಡು ಬೇರೆ ಶಕ್ತಿಯ ಎಕ್ಸ್-ಕಿರಣಗಳನ್ನು ದೇಹದ ಮೂಲಕ ಹಾಯಿಸುತ್ತದೆ. ಕ್ಯಾಲ್ಸಿಯಂ, ರಂಜಕಗಳಿರುವ ಮೂಳೆ ಕಡಿಮೆ ಶಕ್ತಿಯ ಕಿರಣವನ್ನು ಹೆಚ್ಚಾಗಿ ಹೀರುತ್ತದೆ. ಮೃದು ಅಂಗಾಂಶದಲ್ಲಿ ಈ ವ್ಯತ್ಯಾಸ ಕಡಿಮೆ. ಎರಡು ಅಜ್ಞಾತಗಳು, ಎರಡು ಸಮೀಕರಣಗಳು; ಬಿಡಿಸಿದರೆ ಮೂಳೆಯ ಪಾಲು ಸಿಗುತ್ತದೆ. ಉಪಾಯ ಸೊಗಸಾಗಿದೆ. ಆದರೆ ಉತ್ತರದ ಏಕಮಾನವನ್ನು ಗಮನಿಸಿ: ಗ್ರಾಂ/ಚ.ಸೆಂ.ಮೀ. ಸಾಂದ್ರತೆಯ ಏಕಮಾನ ಗ್ರಾಂ/ಘನ ಸೆಂ.ಮೀ. ಎಂದಲ್ಲವೆ ನಾವು ಪಾಠ ಹೇಳುವುದು? ಡೆಕ್ಸಾ ಅಳೆಯುವುದು ಮೂಳೆಯ ನೆರಳಿನ ಸಾಂದ್ರತೆಯನ್ನು. ಮೂಳೆಯ ದಪ್ಪ ಅದಕ್ಕೆ ತಿಳಿಯದು.

ಇದರ ಪರಿಣಾಮವನ್ನು ಲೆಕ್ಕ ಹಾಕಿ ನೋಡಿ. ಘನ ಸೆಂ.ಮೀ.ಗೆ 0.3 ಗ್ರಾಂ ಖನಿಜವಿರುವ ಎರಡು ಘನಾಕೃತಿಗಳಿವೆ ಎನ್ನಿ. ಒಂದರ ಬಾಹು 3 ಸೆಂ.ಮೀ., ಇನ್ನೊಂದರದು 2.7 ಸೆಂ.ಮೀ. ವಸ್ತು ಒಂದೇ. ಆದರೂ ನೆರಳಿನ ಸಾಂದ್ರತೆ ಮೊದಲನೆಯದಕ್ಕೆ 0.90, ಎರಡನೆಯದಕ್ಕೆ 0.81. ಬೆನ್ನುಮೂಳೆಯಲ್ಲಿ ಒಂದು ಮಾನಕ ವಿಚಲನೆ ಸುಮಾರು 0.11 ಇರುವುದರಿಂದ, ಕೇವಲ ಗಾತ್ರದ ವ್ಯತ್ಯಾಸವೇ ಟಿ-ಅಂಕವನ್ನು 0.8ರಷ್ಟು ಕೆಳಗೆ ತಂದಿತು! ಸಣ್ಣ ಮೈಕಟ್ಟಿನವರಿಗೆ ಈ ಯಂತ್ರ ಸ್ವಲ್ಪ ಕಠೋರ.

ಹಾಗೆಂದು ಅಳತೆ ನಿಷ್ಪ್ರಯೋಜಕವೆಂದು ತೀರ್ಮಾನಿಸಬೇಡಿ. ಸಣ್ಣ ಮೂಳೆ ನಿಜಕ್ಕೂ ಬೇಗ ಮುರಿಯುತ್ತದೆ. ದಂಡವೊಂದು ಬಾಗುವಿಕೆಯನ್ನು ತಡೆಯುವ ಬಲ ಅದರ ವ್ಯಾಸದ ಘನಕ್ಕೆ ಅನುಪಾತದಲ್ಲಿರುತ್ತದೆ. ಸೊಂಟದ ಬಳಿಯ ಸಾಂದ್ರತೆ ಒಂದು ಮಾನಕ ವಿಚಲನೆಯಷ್ಟು ಇಳಿದರೆ ಅಲ್ಲಿನ ಮುರಿತದ ಅಪಾಯ ಸುಮಾರು ಎರಡೂವರೆ ಪಟ್ಟಾಗುತ್ತದೆ ಎಂಬುದು ಹಲವು ಅಧ್ಯಯನಗಳ ಒಟ್ಟು ಸಾರ. ತಕರಾರು ಅಳತೆಯ ಮೇಲಲ್ಲ, ಅದನ್ನು ತೀರ್ಪಾಗಿಸುವ ರೀತಿಯ ಮೇಲೆ.

ಹೋಲಿಕೆ ಯಾರೊಂದಿಗೆ?

ಟಿ-ಅಂಕವೆಂದರೆ ನಿಮ್ಮ ಸಾಂದ್ರತೆಯು ಆರೋಗ್ಯವಂತ ಯುವತಿಯರ ಸರಾಸರಿಯಿಂದ ಎಷ್ಟು ಮಾನಕ ವಿಚಲನೆ ದೂರವಿದೆ ಎಂಬ ಲೆಕ್ಕ. −2.5 ಅಥವಾ ಅದಕ್ಕಿಂತ ಕೆಳಗಿದ್ದರೆ ಆಸ್ಟಿಯೊಪೊರೋಸಿಸ್, −1ರಿಂದ −2.5ರ ನಡುವೆ ಇದ್ದರೆ ಆಸ್ಟಿಯೊಪೀನಿಯ ಎಂದು ವಿಶ್ವ ಆರೋಗ್ಯ ಸಂಸ್ಥೆಯ ವರದಿ 1994ರಲ್ಲಿ ಸೂಚಿಸಿತು. ಸೊಂಟದ ಅಳತೆಗೆ ಅಂತಾರಾಷ್ಟ್ರೀಯ ಆಧಾರವಾಗಿ ಬಂದದ್ದು ಅಮೆರಿಕದ 20–29 ವಯಸ್ಸಿನ ಬಿಳಿಯ ಮಹಿಳೆಯರ ಅಂಕಿ-ಅಂಶ. ತುಮಕೂರಿನ ಅಥವಾ ಬೀದರಿನ ಮಹಿಳೆಯನ್ನು ಅವರೊಂದಿಗೆ ಹೋಲಿಸುವಾಗ ಗಾತ್ರದ ಪ್ರಶ್ನೆ ಮತ್ತೆ ತಲೆ ಎತ್ತುತ್ತದೆ.

ಇನ್ನೊಂದು ಮಾತು. ಸಾಮಾನ್ಯ ವಿತರಣೆಯಲ್ಲಿ ಶೇ. 16ರಷ್ಟು ಮಂದಿ −1ಕ್ಕಿಂತ ಕೆಳಗಿರಲೇಬೇಕು. ಅಂದರೆ ಆರೋಗ್ಯವಂತ ಯುವತಿಯರಲ್ಲೇ ಆರರಲ್ಲಿ ಒಬ್ಬಳಿಗೆ ‘ಆಸ್ಟಿಯೊಪೀನಿಯ’! ಇದು ಕಾಯಿಲೆಯ ಹೆಸರಲ್ಲ, ಗಣಿತದ ಒಂದು ಗೆರೆ. ಪ್ರಕೃತಿಯಲ್ಲಿ −2.4 ಮತ್ತು −2.6ರ ನಡುವೆ ಯಾವ ಬೇಲಿಯೂ ಇಲ್ಲ.

ಉಚಿತ ಶಿಬಿರಗಳಲ್ಲಿ ಹಿಮ್ಮಡಿಯನ್ನು ಪುಟ್ಟ ಯಂತ್ರದಲ್ಲಿಟ್ಟು ಒಂದೆರಡು ನಿಮಿಷದಲ್ಲಿ ಕೊಡುವ ಅಂಕದ ಸ್ಥಿತಿ ಇನ್ನೂ ಸಡಿಲ. ಅಲ್ಲಿ ಎಕ್ಸ್-ಕಿರಣವಿಲ್ಲ, ಶ್ರವಣಾತೀತ ಧ್ವನಿಯ ವೇಗ ಮತ್ತು ಕ್ಷೀಣತೆಯ ಅಳತೆ ಅದು. −2.5ರ ಗೆರೆ ಎಳೆದದ್ದು ಇದಕ್ಕಲ್ಲ. ಆ ಚೀಟಿ ವೈದ್ಯರನ್ನು ಕಾಣಲು ಕಾರಣವಾಗಬಹುದು, ರೋಗನಿರ್ಣಯವಾಗಲಾರದು.

ದೋಷ ಎಷ್ಟು?

ಉತ್ತಮ ಯಂತ್ರದಲ್ಲೂ ಅದೇ ವ್ಯಕ್ತಿಯನ್ನು ಮತ್ತೆ ಅಳೆದರೆ ಸುಮಾರು ಶೇ. 1ರ ಏರುಪೇರು ಇರುತ್ತದೆ. ಎರಡು ಅಳತೆಗಳ ವ್ಯತ್ಯಾಸದಲ್ಲಿ ದೋಷ √2 ಪಟ್ಟು. ಶೇ. 95ರ ಭರವಸೆ ಬೇಕೆಂದರೆ ಅದನ್ನು 1.96ರಿಂದ ಗುಣಿಸಬೇಕು. ಉತ್ತರ ಶೇ. 2.8. ಇದಕ್ಕಿಂತ ಕಡಿಮೆ ಬದಲಾವಣೆಯನ್ನು ಬದಲಾವಣೆ ಎನ್ನುವಂತಿಲ್ಲ. ವರ್ಷಕ್ಕೆ ಶೇ. 1–2 ಇಳಿಯುವ ಮೂಳೆಯನ್ನು ಆರು ತಿಂಗಳಿಗೊಮ್ಮೆ ಅಳೆಸಿ ‘ಸುಧಾರಿಸಿದೆ’, ‘ಹಾಳಾಗಿದೆ’ ಎನ್ನುವುದು ಬಹುಪಾಲು ದೋಷವನ್ನೇ ಓದಿದಂತೆ.

ಅಂಕೆಯ ಹೊರಗೆ ಇರುವುದು

ನೆದರ್ಲೆಂಡ್ಸ್‌ನ ರಾಟರ್‌ಡ್ಯಾಮ್ ಅಧ್ಯಯನದ 2004ರ ವರದಿ ಗಮನಾರ್ಹ. ಮಹಿಳೆಯರಲ್ಲಿ ಬೆನ್ನುಮೂಳೆ ಬಿಟ್ಟು ಉಳಿದ ಮುರಿತಗಳಲ್ಲಿ −2.5ಕ್ಕಿಂತ ಕೆಳಗಿದ್ದವರ ಪಾಲು ಶೇ. 44 ಮಾತ್ರ. ಮಿಕ್ಕವು ‘ಪರವಾಗಿಲ್ಲ’ ಎನ್ನಿಸಿಕೊಂಡವರಲ್ಲೇ ಆದವು. ಏಕೆ? ಮೂಳೆ ತಾನಾಗಿ ಮುರಿಯುವುದು ಅಪರೂಪ. ಸೊಂಟದ ಹತ್ತು ಮುರಿತಗಳಲ್ಲಿ ಒಂಬತ್ತಕ್ಕೆ ಬೀಳುವುದೇ ಕಾರಣ. 55 ಕಿ.ಗ್ರಾಂ. ತೂಕದವರ ಗುರುತ್ವ ಕೇಂದ್ರ 0.7 ಮೀ. ಕೆಳಗಿಳಿದರೆ ಬಿಡುಗಡೆಯಾಗುವ ಶಕ್ತಿ 55 × 9.8 × 0.7, ಅಂದರೆ ಸುಮಾರು 380 ಜೂಲ್. ಪ್ರಯೋಗಾಲಯದಲ್ಲಿ ವೃದ್ಧರ ತೊಡೆಮೂಳೆಯ ಮೇಲ್ತುದಿಯನ್ನು ಮುರಿಯಲು ಕೆಲವೇ ಹತ್ತು ಜೂಲ್ ಸಾಕಾಗಿದೆ. ಹಾಗಿದ್ದೂ ಬಿದ್ದವರೆಲ್ಲರ ಮೂಳೆ ಮುರಿಯದಿರಲು ಕಾರಣ ಊರಿದ ಕೈ, ಬಿಗಿದ ಸ್ನಾಯು, ಸೊಂಟದ ಸುತ್ತಲಿನ ಕೊಬ್ಬು. ಇವಾವುವೂ ಟಿ-ಅಂಕದಲ್ಲಿಲ್ಲ. ಬಚ್ಚಲಿನ ಪಾಚಿ, ಕತ್ತಲೆಯ ಮೆಟ್ಟಿಲು, ಕಣ್ಣಿನ ಪೊರೆ, ತೂಕಡಿಸುವ ಮಾತ್ರೆ ಕೂಡ ಅದರಲ್ಲಿಲ್ಲ. ವಯಸ್ಸು, ಹಿಂದಿನ ಮುರಿತ, ತಂದೆ-ತಾಯಿಯ ಸೊಂಟದ ಮುರಿತ, ಧೂಮಪಾನ, ಸ್ಟೀರಾಯ್ಡ್ ಔಷಧಿ ಮುಂತಾದವನ್ನು ಸೇರಿಸಿ ಲೆಕ್ಕ ಹಾಕುವ ಫ್ರಾಕ್ಸ್ ಎಂಬ ಸಾಧನವನ್ನು 2008ರಲ್ಲಿ ಶೆಫೀಲ್ಡ್ ವಿಶ್ವವಿದ್ಯಾಲಯ ಹೊರತಂದಿತು. ಆದರೆ ಬೀಳುವಿಕೆ ಅದರಲ್ಲೂ ನೇರವಾಗಿ ಸೇರಿಲ್ಲ.

ಔಷಧಿಯ ಅಂಕೆಗಳನ್ನೂ ಹೀಗೆಯೇ ಓದಬೇಕು. ಈಗಾಗಲೇ ಬೆನ್ನುಮೂಳೆ ಮುರಿದಿದ್ದ ಸುಮಾರು 2000 ಮಹಿಳೆಯರ ಮೇಲೆ ನಡೆದು 1996ರಲ್ಲಿ ಪ್ರಕಟವಾದ ಅಲೆಂಡ್ರೊನೇಟ್ ಪ್ರಯೋಗದಲ್ಲಿ, ಮೂರು ವರ್ಷಗಳಲ್ಲಿ ಸೊಂಟ ಮುರಿದವರು ಶೇ. 2.2ರಿಂದ 1.1ಕ್ಕೆ ಇಳಿದರು. ‘ಅಪಾಯ ಅರ್ಧವಾಯಿತು’ ಎಂಬುದು ನಿಜ. ‘ನೂರರಲ್ಲಿ ಒಬ್ಬರಿಗೆ ಅನುಕೂಲವಾಯಿತು’ ಎಂಬುದೂ ಅಷ್ಟೇ ನಿಜ. ಒಮ್ಮೆ ಮುರಿದವರಿಗೆ ಈ ಲಾಭ ಅಮೂಲ್ಯ. ಅವರು ಔಷಧಿಯನ್ನು ತಾವಾಗಿ ಬಿಡಬಾರದು. ಐವತ್ತರ ನಂತರ ನಿಂತಲ್ಲಿಂದ ಬಿದ್ದು ಮಣಿಕಟ್ಟು ಮುರಿದರೂ, ಅಂಕ ಏನೇ ಇರಲಿ, ವೈದ್ಯರನ್ನು ಕೇಳಬೇಕು. ಅಪಾಯ ಕಡಿಮೆ ಇರುವವರಲ್ಲಿ ಅದೇ ‘ಅರ್ಧ’ ಬಹಳ ಸಣ್ಣ ಸಂಖ್ಯೆಯಾಗುತ್ತದೆ.

ಮಾಡಬೇಕಾದುದೇನು?

ಮೂಳೆ ತನ್ನ ಮೇಲೆ ಬೀಳುವ ಭಾರಕ್ಕೆ ತಕ್ಕಂತೆ ತನ್ನನ್ನು ಕಟ್ಟಿಕೊಳ್ಳುತ್ತದೆ. ಭಾರರಹಿತ ಸ್ಥಿತಿಯಲ್ಲಿ ಗಗನಯಾತ್ರಿಗಳು ಸೊಂಟದ ಮೂಳೆಯನ್ನು ತಿಂಗಳಿಗೆ ಶೇ. 1ಕ್ಕೂ ಹೆಚ್ಚು ಕಳೆದುಕೊಂಡದ್ದು ಇದರ ಸಾಕ್ಷಿ. ಆಸ್ಟ್ರೇಲಿಯದಲ್ಲಿ ಸಾಂದ್ರತೆ ಕಡಿಮೆಯಿದ್ದ 101 ಮಹಿಳೆಯರು ಭಾಗವಹಿಸಿದ ಪ್ರಯೋಗದ ಫಲಿತಾಂಶ 2018ರಲ್ಲಿ ಅಚ್ಚಾಯಿತು. ತಜ್ಞರ ಕಣ್ಗಾವಲಿನಲ್ಲಿ ವಾರಕ್ಕೆರಡು ಬಾರಿ ಅರ್ಧ ಗಂಟೆ ಭಾರ ಎತ್ತಿದವರ ಬೆನ್ನುಮೂಳೆಯ ಸಾಂದ್ರತೆ ಎಂಟು ತಿಂಗಳಲ್ಲಿ ಶೇ. 2.9 ಏರಿತು, ಲಘು ವ್ಯಾಯಾಮದವರದು ಶೇ. 1.2 ಇಳಿಯಿತು. ಹೆದರಿ ಕುಳಿತುಕೊಳ್ಳುವುದು ಔಷಧಿಯಲ್ಲ. ಆದರೆ ಮೂಳೆ ಈಗಾಗಲೇ ಮುರಿದಿದ್ದರೆ ಸಲಹೆಯಿಲ್ಲದೆ ಭಾರ ಎತ್ತಬಾರದು.

ಕ್ಯಾಲ್ಸಿಯಂ ವಯಸ್ಕರಿಗೆ ದಿನಕ್ಕೆ ಸುಮಾರು 1000 ಮಿ.ಗ್ರಾಂ. ಬೇಕು. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿ.ಗ್ರಾಂ., ಒಂದು ದೊಡ್ಡ ಲೋಟ ಹಾಲಿನಲ್ಲಿ ಸುಮಾರು 300 ಮಿ.ಗ್ರಾಂ. ಇದೆ. ವಿಟಮಿನ್ ಡಿ ಕೊರತೆ ನಮ್ಮಲ್ಲಿ ಸಾಮಾನ್ಯ, ಇದ್ದರೆ ಸರಿಪಡಿಸಬೇಕು. ಆದರೆ ಎಲ್ಲರೂ ಮಾತ್ರೆ ನುಂಗಿದರೆ ಮೂಳೆ ಉಳಿಯುತ್ತದೆಂಬ ನಂಬಿಕೆಗೆ ಬೆಂಬಲವಿಲ್ಲ. ಕೊರತೆ ಇದೆಯೇ ಎಂದು ನೋಡದೆ ಸೇರಿಸಿಕೊಂಡ ಸುಮಾರು 26,000 ಅಮೆರಿಕನ್ನರಲ್ಲಿ ಅದು ಮುರಿತವನ್ನು ತಗ್ಗಿಸಲಿಲ್ಲ ಎಂದು 2022ರಲ್ಲಿ ವರದಿಯಾಯಿತು.

ಶಿಕ್ಷಕ ಮಿತ್ರರೇ, ತರಗತಿಯಲ್ಲಿ ಒಂದೇ ಅಳತೆಯ ಎರಡು ಕಾಗದದ ಹಾಳೆಗಳನ್ನು ತೆಗೆದುಕೊಳ್ಳಿ. ಒಂದನ್ನು ಬಿಗಿಯಾಗಿ ಪೆನ್ಸಿಲಿನಷ್ಟು ಸಣ್ಣಗೆ, ಇನ್ನೊಂದನ್ನು ಎರಡು ಬೆರಳಿನಷ್ಟು ಅಗಲವಾಗಿ ಸುರುಳಿ ಸುತ್ತಿ ಅಂಟಿಸಿ. ಎರಡು ಇಟ್ಟಿಗೆಗಳ ನಡುವೆ ಸೇತುವೆಯಂತಿಟ್ಟು ಮಧ್ಯದಲ್ಲಿ ತೂಕ ತೂಗುಹಾಕಿ. ಕಾಗದ ಒಂದೇ, ರಾಶಿ ಒಂದೇ. ತಡೆಯುವ ಭಾರ ಮಾತ್ರ ಬೇರೆ. ಏಕೆಂದು ವಿದ್ಯಾರ್ಥಿಗಳೇ ಚರ್ಚಿಸಲಿ. ಆ ಮೇಲೆ ಮನೆಯಲ್ಲಿ ತಾಯಿಯ ಅಥವಾ ಅಜ್ಜಿಯ ಕೈಯಲ್ಲಿರುವ ಚೀಟಿಯನ್ನು ಅವರು ಮೂರು ಪ್ರಶ್ನೆಗಳೊಂದಿಗೆ ಓದಬಲ್ಲರು, ಬಚ್ಚಲುಮನೆಯ ನೆಲವನ್ನೂ ಒಮ್ಮೆ ಉಜ್ಜಿಬಿಡಬಲ್ಲರು.