ಪತ್ತಾರರ ತಕ್ಕಡಿಯಲ್ಲಿ ಗಾಳದ ದಾರ

ಗೋಕಾಕದ ಪೇಟೆಯಲ್ಲಿ ನನಗೆ ಪರಿಚಯದ ಪತ್ತಾರರೊಬ್ಬರಿದ್ದಾರೆ. ಹೋದ ಬೇಸಿಗೆಯಲ್ಲಿ ನಾಗನೂರಿನಿಂದ ಮೂರು ಸುತ್ತು ದಾರ ಹಿಡಿದುಕೊಂಡು ಅವರ ಅಂಗಡಿಗೆ ಹೋದೆ. ಒಂದು ಹಸಿರು, ಒಂದು ಕಿತ್ತಳೆ, ಒಂದು ತಿಳಿನೀಲಿ. ತಾಳಿ ತೂಗುವ ತಕ್ಕಡಿಯ ಮುಂದೆ ಪ್ಲಾಸ್ಟಿಕ್ ದಾರ ಬಿಚ್ಚಿದವನನ್ನು ಅವರು ಕನ್ನಡಕದ ಮೇಲಿಂದ ನೋಡಿದರು.

“ಏನ್ರಿ ಸರ, ಇದನ್ನ ಅಡವ ಇಡಾಕ ಬಂದೀರೇನು?”

“ತೂಕ ಅಷ್ಟ ನೋಡ್ರಿ ಕಾಕಾ. ತುದಿಯಿಂದ ಮೂವತ್ತ ಫೂಟ.”

ಹಸಿರು ದಾರ 10.5 ಗ್ರಾಂ ತೂಗಿತು. ಕಿತ್ತಳೆ 12.4. ನೀಲಿ 12.0. ಪತ್ತಾರರಿಗೆ ಅದರಲ್ಲಿ ವಿಶೇಷವೇನೂ ಕಾಣಲಿಲ್ಲ. ನನಗೆ ಕಂಡಿತು. ಡಬ್ಬಿಯ ಮೇಲೆ ಹಸಿರಿಗೂ ಕಿತ್ತಳೆಗೂ 6 ಎಂಬ ಒಂದೇ ನಂಬರು, ನೀಲಿಗೆ 7. ಅಂದರೆ 6 ಎಂದು ಬರೆದ ಕಿತ್ತಳೆ ದಾರ, 7 ಎಂದು ಬರೆದ ನೀಲಿಗಿಂತ ಭಾರ. ಮೂರರಲ್ಲಿ ಅತಿ ದುಬಾರಿ ದಾರವೂ ಅದೇ.

ಇದು ಫ್ಲೈ ಫಿಶಿಂಗಿನ ದಾರ. ಗರಿ, ನೂಲು ಸುತ್ತಿ ಕಟ್ಟಿದ ಹುಸಿಹುಳವನ್ನು ನೀರಿನ ಮೇಲೆ ಇಳಿಸಿ ಮೀನು ಹಿಡಿಯುವ ಪದ್ಧತಿ. ಇಲ್ಲಿ ದಾರದ ತೂಕಕ್ಕೆ ಇಷ್ಟು ಬೆಲೆ ಏಕೆ ಎಂಬುದು ನಮ್ಮ ಹೊಲ ಕಂಡವರಿಗೆ ತಕ್ಷಣ ತಿಳಿಯುತ್ತದೆ. ಜೋಳ ಹಾಲು ತುಂಬಿದಾಗ ಹಕ್ಕಿ ಓಡಿಸಲು ಬೀಸುವ ಕವಣೆಯಲ್ಲಿ ಭಾರ ಇರುವುದು ಕಲ್ಲಿಗೆ. ಸಾಮಾನ್ಯ ಗಾಳವೂ ಹಾಗೆಯೇ: ಸೀಸದ ಗುಂಡು ಮುಂದೆ ಹಾರುತ್ತದೆ, ದಾರ ಅದರ ಬೆನ್ನಿಗೆ ಬೀಳುತ್ತದೆ. ಹುಸಿಹುಳಕ್ಕೆ ತೂಕವೇ ಇಲ್ಲ, ಅದನ್ನು ಎಸೆಯಲು ಬಾರದು. ಆದ್ದರಿಂದ ಭಾರವನ್ನು ದಾರಕ್ಕೇ ತುಂಬಿ, ದಾರವನ್ನೇ ಬೀಸುತ್ತಾರೆ. ಇದು ಕವಣೆಯ ವಿದ್ಯೆಯಲ್ಲ, ಬಾರಕೋಲಿನ ವಿದ್ಯೆ.

ಒಮ್ಮೆ ಶಾಲೆಯ ಬಯಲಿನಲ್ಲಿ ನಾನು ಬೀಸುತ್ತಿದ್ದದ್ದನ್ನು ಎತ್ತು ಹೊಡೆದುಕೊಂಡು ಹೋಗುತ್ತಿದ್ದ ಅಜ್ಜ ನಿಂತು ನೋಡಿದರು. ದಾರ ಕೈಗೆ ತೆಗೆದುಕೊಂಡು, ಹೊಟ್ಟೆಯಿಂದ ತುದಿಯವರೆಗೆ ಬೆರಳಾಡಿಸಿ, “ಬಾರಕೋಲ ಹಂಗ ಐತಲ್ಲೋ ತಮ್ಮಾ, ತುದಿಗಿ ಸಣ್ಣಾಗೂತ ಹೋಗೇತಿ” ಅಂದರು. ನಾನು ಓದಿದ ಎಷ್ಟೋ ಪುಟಗಳ ಸಾರವನ್ನು ಅವರ ಬೆರಳು ಅರೆನಿಮಿಷದಲ್ಲಿ ಓದಿತ್ತು. ದಪ್ಪ ಭಾಗದ ವೇಗ ಸಣ್ಣ ಭಾಗಕ್ಕೆ ದಾಟುತ್ತ, ತುದಿಗೆ ಬರುವ ಹೊತ್ತಿಗೆ ಹೆಚ್ಚುತ್ತದೆ. ಬಾರಕೋಲಿನ ತುದಿ ಶಬ್ದದ ವೇಗವನ್ನೂ ಮೀರುತ್ತದೆ, ಚಟೀರ್ ಎನ್ನುವುದು ಅದಕ್ಕೇ. ವ್ಯತ್ಯಾಸ ಒಂದೇ. ಬಾರಕೋಲಿಗೆ ಸಪ್ಪಳ ಬೇಕು. ನಮ್ಮ ದಾರ ಸಪ್ಪಳ ಮಾಡಿತೆಂದರೆ ಹಿಂದೆ ಹೋದದ್ದು ಪೂರ್ತಿ ಬಿಚ್ಚಿಕೊಳ್ಳುವ ಮೊದಲೇ ಮುಂದಕ್ಕೆ ಎಳೆದಿದ್ದೀರಿ ಎಂದರ್ಥ. ಹುಳ ಕಿತ್ತು ಎಲ್ಲೋ ಹೋಗಿರುತ್ತದೆ.

ನಂಬರಿನ ವಿಷಯಕ್ಕೆ ಬರುತ್ತೇನೆ. ಹಿಂದೆ ಈ ದಾರಗಳನ್ನು ರೇಷ್ಮೆಯಿಂದ ಹೆಣೆದು ಅಗಸಿ ಎಣ್ಣೆ ಕುಡಿಸುತ್ತಿದ್ದರು; ದಪ್ಪ ನೋಡಿ ಅಕ್ಷರಗಳಲ್ಲಿ ಗುರುತು ಹಾಕುತ್ತಿದ್ದರು. ನೈಲಾನ್ ಎಳೆಯ ಮೇಲೆ ಪಿವಿಸಿ ಲೇಪಿಸಿದ ದಾರ ಬಂದ ಮೇಲೆ ದಪ್ಪಕ್ಕೂ ತೂಕಕ್ಕೂ ಹೊಂದಿಕೆ ತಪ್ಪಿತು. 1960ರ ಸುಮಾರಿಗೆ ಅಮೆರಿಕದ ತಯಾರಕರ ಸಂಘ ತೂಕದ ಅಳತೆ ಗೊತ್ತುಮಾಡಿತು. ತುದಿಯಿಂದ ಮೂವತ್ತು ಅಡಿಯ ತೂಕ 140 ಗ್ರೇನ್ ಇದ್ದರೆ 5ನೇ ನಂಬರು, 160 ಇದ್ದರೆ 6, 185 ಇದ್ದರೆ 7, 210 ಇದ್ದರೆ 8. ಗಾಳದ ಕೋಲಿನ ಮೇಲೂ ಅದೇ ನಂಬರು ಬರೆದರು, ಜೋಡಿ ಹುಡುಕುವುದು ಸುಲಭವಾಯಿತು.

ಗ್ರೇನ್ ಎಂದರೆ ನಮಗೆ ಅಪರಿಚಿತವೇನಲ್ಲ. ಈಗ ಅಂಗಡಿಗಳಲ್ಲಿ ಹತ್ತು ಗ್ರಾಮಿಗೇ ತೊಲೆ ಅನ್ನುತ್ತಾರೆ. ಹಳೆಯ ತೊಲೆ 11.66 ಗ್ರಾಂ, ಸರಿಯಾಗಿ 180 ಗ್ರೇನ್. ಹಾಗಾಗಿ 6ನೇ ನಂಬರಿನ ದಾರ ಹಳೆಯ ತೊಲೆಗಿಂತ ಕಡಿಮೆ ಇರಬೇಕು, 7 ತುಸು ಹೆಚ್ಚಿರಬೇಕು. ನನ್ನ ಹಸಿರು ದಾರದ 10.5 ಗ್ರಾಂ ಅಂದರೆ 162 ಗ್ರೇನ್, ಅಪ್ಪಟ 6. ಕಿತ್ತಳೆಯ 12.4 ಗ್ರಾಂ ಅಂದರೆ 191 ಗ್ರೇನ್. 7ಕ್ಕೆ ಒಪ್ಪುವ ಮಿತಿ 177ರಿಂದ 193. ಅದು 6 ಆಗುವುದು ಡಬ್ಬಿಯ ಮೇಲೆ ಮಾತ್ರ.

ಇಂಥ ಲೆಕ್ಕ ಗೋಕಾಕದವರಿಗೆ ಸಹಜವಾಗಿ ಕಿರಿಕಿರಿ ಎನಿಸಬೇಕು. ಜಲಪಾತದ ನೀರಿನ ಬಲದಿಂದ ಇಲ್ಲಿಯ ಮಿಲ್ಲು ಹತ್ತೊಂಬತ್ತನೇ ಶತಮಾನದ ಕೊನೆಯಿಂದ ನೂಲು ತೆಗೆದಿದೆ. ನೂಲಿನ ಕೌಂಟ್ ಎಂದರೆ ಕರಾರುವಾಕ್ಕು: 840 ಗಜದ ಎಷ್ಟು ಲಡಿ ಸೇರಿದರೆ ಒಂದು ಪೌಂಡ್ ತೂಗುತ್ತದೋ ಅದೇ ಕೌಂಟ್. ಇಪ್ಪತ್ತು ಲಡಿ ತೂಗಿದರೆ ಇಪ್ಪತ್ತು, ನಲವತ್ತು ತೂಗಿದರೆ ನಲವತ್ತು. ಇಪ್ಪತ್ತರ ನೂಲಿಗೆ ನಲವತ್ತರ ಚೀಟಿ ಅಂಟಿಸಿ ಕಳಿಸಿದರೆ ನೇಕಾರ ಮಗ್ಗಕ್ಕೆ ಏರಿಸುವ ಮೊದಲೇ ವಾಪಸು ಕಳಿಸುತ್ತಾನೆ. ಗಾಳದ ದಾರಕ್ಕೆ ಅಂಥ ನೇಕಾರ ಇಲ್ಲ. ಕೊಂಡವನು ತೂಗಿ ನೋಡುವುದಿಲ್ಲ.

ತಯಾರಕರ ಪರವಾಗಿಯೂ ಒಂದು ಮಾತಿದೆ. ಈಗಿನ ಕಾರ್ಬನ್ ಕೋಲುಗಳು ಬಿರುಸು. ಬಾಗಬೇಕಾದರೆ ಭಾರ ಬೇಕು. ಹೊಸಬರು ಮೂವತ್ತು ಅಡಿ ಪೂರ್ತಿ ಹೊರಗೆ ಹಾಕುವುದೇ ಇಲ್ಲ, ಇಪ್ಪತ್ತು ಅಡಿಯಲ್ಲೇ ಬೀಸುತ್ತಾರೆ. ಭಾರದ ದಾರ ಅಷ್ಟರಲ್ಲೇ ಕೋಲನ್ನು ಬಾಗಿಸುತ್ತದೆ, ಕೈಗೆ ಅದರ ಸೆಳೆತ ಗೊತ್ತಾಗುತ್ತದೆ. ಅಂಗಡಿಯ ಮುಂದೆ ನಾಲ್ಕು ಸಲ ಬೀಸಿ ನೋಡಿದವನಿಗೆ ಅದು ಒಳ್ಳೆಯ ದಾರ ಎನಿಸುವುದು ಸಹಜ. ಭಾರ ಹಾಕಿದ್ದು ತಪ್ಪಲ್ಲ. ಹಾಕಿದ್ದನ್ನು ಹೇಳದಿರುವುದು ತಪ್ಪು. ಕೆಲವರು ಈಗ ಡಬ್ಬಿಯ ಮೇಲೆ ಗ್ರೇನ್ ತೂಕವನ್ನೂ ಮುದ್ರಿಸುತ್ತಿದ್ದಾರೆ. ಮುದ್ರಿಸದವರ ದಾರವನ್ನು ಪತ್ತಾರರಲ್ಲಿಗೆ ಒಯ್ಯಬೇಕಾಗುತ್ತದೆ.

ತೂಕ ತಿಳಿದರೆ ಅರ್ಧ ತಿಳಿದಂತೆ. ಉಳಿದರ್ಧ ಆ ತೂಕ ಎಲ್ಲಿ ಕೂತಿದೆ ಎಂಬುದು. ಹಸಿರು ದಾರ ‘ಡಬಲ್ ಟೇಪರ್’: ಎರಡೂ ತುದಿ ಸಣ್ಣ, ನಡುವೆ ಒಂದೇ ದಪ್ಪದ ಉದ್ದ ಹೊಟ್ಟೆ. ಕಿತ್ತಳೆ ಮತ್ತು ನೀಲಿ ‘ವೇಟ್ ಫಾರ್ವರ್ಡ್’: ಭಾರವೆಲ್ಲ ಮುಂದಿನ ನಲವತ್ತು ಅಡಿಯಲ್ಲಿ, ಹಿಂದೆ ಕೋಲಿನ ಉಂಗುರಗಳಲ್ಲಿ ಸರಾಗವಾಗಿ ಜಾರುವ ಸಣ್ಣ ದಾರ.

ಭಾನುವಾರ ಬೆಳಗ್ಗೆ ಶಾಲೆಯ ಬಯಲಿನಲ್ಲಿ ಐದು, ಏಳು, ಒಂಬತ್ತು, ಹನ್ನೊಂದು ಮಾರಿಗೆ ಒಂದೊಂದು ಹಳೆಯ ಸೈಕಲ್ ಟೈರು ಹಾಕಿದೆ. ಕೊಕ್ಕೆಯ ಬದಲು ಕೆಂಪು ಉಣ್ಣೆಯ ಎಳೆ. ಮೂರಕ್ಕೂ ಒಂಬತ್ತಡಿಯ ಅದೇ 6ನೇ ನಂಬರಿನ ಕೋಲು, ಅದೇ ಕೈ. ಐದು ಮಾರಿನಲ್ಲಿ ಕಿತ್ತಳೆ ಗೆದ್ದಿತು. ಮಣಿಕಟ್ಟು ಅಲುಗಿಸಿದರೆ ಸಾಕು, ಟೈರಿನೊಳಗೆ ಬಿತ್ತು. ಆದರೆ ಬೀಳುವಾಗ ದೊಪ್ ಎನ್ನುತ್ತಿತ್ತು. ಅದರ ಮುಂಭಾಗ ಗಿಡ್ಡ, ಭಾರ ತುದಿಯ ಹತ್ತಿರವೇ ಇದೆ. ದೊಡ್ಡ ಹುಳವನ್ನು ಒಯ್ಯಲು ಅದು ಬೇಕು, ಮೆಲ್ಲಗೆ ಇಳಿಸಲು ಅದೇ ಅಡ್ಡಿ. ಏಳು ಮಾರಿನಲ್ಲಿ ಹಸಿರು ಮೇಲಾಯಿತು: ಉದ್ದ ಮೊನಚು, ಉಣ್ಣೆ ಎಳೆ ಹುಲ್ಲಿನ ಮೇಲೆ ಕೂತ ಸಪ್ಪಳವೂ ಇಲ್ಲ. ಒಂಬತ್ತು ಮಾರಿಗೆ ಕಿತ್ತಳೆಯ ಭಾರಕ್ಕೆ ಕೋಲು ಬಳುಕಿ, ಗಾಳಿಯಲ್ಲಿ ದಾರ ಮಾಡುವ ತಿರುವು ಅಗಲವಾಗಿ ಬಾಯಿ ತೆರೆಯಿತು. ಹಸಿರು ಅಲ್ಲಿಯವರೆಗೆ ಹೋಯಿತು, ಹನ್ನೊಂದಕ್ಕೆ ಹೋಗಲಿಲ್ಲ. ಅದರ ದಪ್ಪ ಹೊಟ್ಟೆ ಉಂಗುರಗಳಲ್ಲೇ ಒರೆಸಿಕೊಂಡು ನಿಂತಿತು. ಹನ್ನೊಂದು ಮಾರು ಮುಟ್ಟಿದ್ದು ನೀಲಿಯೊಂದೇ. ಅದೂ ಮೊದಲ ಅರ್ಧ ಗಂಟೆ ಸತಾಯಿಸಿತು. ರೀಲಿನಿಂದ ಬಿಚ್ಚಿದರೆ ಸುರುಳಿ ಸುರುಳಿಯಾಗಿ ಏಳುತ್ತಿತ್ತು, ಎರಡು ತುದಿ ಹಿಡಿದು ಜಗ್ಗಿ ನೇರ ಮಾಡಬೇಕಾಯಿತು.

ಇಲ್ಲಿಗೆ ನಿಲ್ಲಿಸಿದ್ದರೆ ನೀಲಿಗೆ ಕಡಿಮೆ ಅಂಕ ಕೊಟ್ಟು ಮನೆಗೆ ಹೋಗುತ್ತಿದ್ದೆ. ಆದರೆ ನಮ್ಮದು ಬೇಸಿಗೆಯಲ್ಲಿ ನಲವತ್ತು ಡಿಗ್ರಿಗೆ ತಾಗುವ ಸೀಮೆ. ಮಧ್ಯಾಹ್ನ ಒಂದರ ಹೊತ್ತಿಗೆ ಅದೇ ಪಂದ್ಯ ಮತ್ತೆ ಇಟ್ಟೆ. ಕಿತ್ತಳೆ ದಾರ ಬೆಂದ ಶಾವಿಗೆಯಂತಾಗಿತ್ತು. ಲೇಪ ಮೆತ್ತಗಾಗಿ ಉಂಗುರಗಳಿಗೆ ಅಂಟುತ್ತಿತ್ತು, ಎರಡು ಉಂಗುರಗಳ ನಡುವೆ ಜೋತು ಬೀಳುತ್ತಿತ್ತು. ಬೆಳಗ್ಗೆ ಏಳು ಮಾರು ಸಲೀಸಾಗಿ ಹೋದದ್ದು ಈಗ ಆರಕ್ಕೇ ಉಸಿರು ಬಿಟ್ಟಿತು. ಹಸಿರೂ ಕೊಂಚ ಮೆತ್ತಗಾಯಿತು. ನೀಲಿ ಮಾತ್ರ ಬೆಳಗಿನ ಸುರುಳಿಗಳನ್ನೆಲ್ಲ ಮರೆತು ಬಾಣದಂತೆ ನೇರವಾಗಿತ್ತು.

ಕಾರಣ ದಾರದ ಹೊಟ್ಟೆಯೊಳಗಿದೆ. ತಣ್ಣೀರಿಗೆ ಮಾಡಿದ ದಾರಕ್ಕೆ ಮೆದು ನೈಲಾನ್ ಹೆಣಿಗೆಯ ತಿರುಳು, ಚಳಿಯಲ್ಲೂ ಬಾಗುವ ಮೃದು ಲೇಪ. ಉಷ್ಣ ಪ್ರದೇಶದ ದಾರಕ್ಕೆ ಬಿರುಸು ತಿರುಳು, ಗಟ್ಟಿ ಲೇಪ. ಬಿಸಿಲೇ ಅದನ್ನು ಹದಕ್ಕೆ ತರುತ್ತದೆ. ಈ ವಿದ್ಯೆ ಬೆಳೆದದ್ದು ಟ್ರೌಟ್ ಮೀನಿನ ತಂಪು ಹೊಳೆಗಳಲ್ಲಿ, ಹಾಗಾಗಿ ಅಂಗಡಿಯ ಕಪಾಟು ತುಂಬ ತಣ್ಣೀರಿನ ದಾರಗಳೇ. ಕರ್ನಾಟಕದಲ್ಲಿ ಗಾಳದ ಹೆಸರು ದೊಡ್ಡದಾದದ್ದು ಕಾವೇರಿಯ ಮಹಸೀರಿನಿಂದ. ದಕ್ಷಿಣ ಕನ್ನಡದಲ್ಲಿ ಕಲೆಕ್ಟರಾಗಿದ್ದ ಎಚ್. ಎಸ್. ಥಾಮಸ್ ‘ದ ರಾಡ್ ಇನ್ ಇಂಡಿಯಾ’ ಬರೆದದ್ದು 1873ರಲ್ಲಿ. ಮೈಸೂರಿನ ಡಿ ವೆಟ್ ವ್ಯಾನ್ ಇಂಗೆನ್ 120 ಪೌಂಡಿನ ಮೀನು ಹಿಡಿದದ್ದು 1946ರಲ್ಲಿ. ಆದರೆ ಭೀಮೇಶ್ವರಿಯ ಕಡೆ ಪ್ರಸಿದ್ಧವಾದದ್ದು ರಾಗಿ ಹಿಟ್ಟಿನ ಉಂಡೆ. ಉಂಡೆಗೆ ತನ್ನದೇ ತೂಕವಿದೆ, ಅದು ಕವಣೆಯ ಲೆಕ್ಕ. ದಾರ ಹರಿಯದಿದ್ದರೆ ಸಾಕು. ಬೀಸುವ ದಾರವನ್ನು ನಮ್ಮ ಬಿಸಿಲಿನಲ್ಲಿ ಒರೆಗೆ ಹಚ್ಚುವ ಅಗತ್ಯವೇ ಅಲ್ಲಿ ಹೆಚ್ಚಾಗಿ ಬೀಳಲಿಲ್ಲ. ಗೂನು ಬೆನ್ನಿನ ಆ ಮಹಸೀರ್ 2018ರಿಂದ ಅಳಿವಿನಂಚಿನ ಪಟ್ಟಿಯಲ್ಲಿದೆ, ಅದರ ಬೇಟೆಯ ಮಾತು ಈಗ ಸಲ್ಲದು.

ಘಟಪ್ರಭೆಯ ದಂಡೆಯಲ್ಲಿ ನನಗೆ ಸಿಗುವುದು ಹೆಚ್ಚಾಗಿ ಅಂಗೈ ಅಗಲದ ತಿಲಾಪಿಯಾ. ಧೂಪದಾಳದ ಹಿನ್ನೀರು ಪಕ್ಷಿಧಾಮ, ಅಲ್ಲಿಗೆ ಕೋಲು ಒಯ್ಯುವುದಿಲ್ಲ. ಹೊಳೆಯಲ್ಲಿ ಮೀನು ಇರುವುದು ದಂಡೆಯಿಂದ ಐದಾರು ಮಾರಿನೊಳಗೆ, ಆಪು ಹುಲ್ಲಿನ ಅಂಚಿಗೆ. ಹನ್ನೊಂದು ಮಾರು ಎಸೆದು ಅಲ್ಲಿ ಹುಡುಕುವುದೇನು? ದಾರಗಳ ಜಾಹೀರಾತುಗಳಲ್ಲಿ ದೂರದ ಮಾತೇ ದೊಡ್ಡದು. ಮೀನು ಕಾಲ ಬುಡದಲ್ಲಿ ತಿರುಗಾಡುತ್ತಿರುತ್ತದೆ. ದೂರ ಬೇಕಾಗುವುದು ಹಿಡಕಲ್ ಜಲಾಶಯದಂಥ ಬಯಲು ನೀರಿನಲ್ಲಿ, ಅನುಮತಿ ಪಡೆದು ಹೋದಾಗ. ಆಷಾಢದ ಪಡುವಣ ಗಾಳಿ ಎದುರಿಗೆ ನಿಂತರೆ ಅಲ್ಲಿ ಹಸಿರು ದಾರ ಮುಖಕ್ಕೇ ಮರಳುತ್ತದೆ. ಮುಂದೆ ಭಾರವಿರುವ ನೀಲಿ ಗಾಳಿಯನ್ನು ಸೀಳಿಕೊಂಡು ಹೋಗುತ್ತದೆ.

ನನ್ನ ತೀರ್ಪು ಇಷ್ಟು. ನಮ್ಮ ಕಡೆ ಮೊದಲ ದಾರ ಕೊಳ್ಳುವವರಿಗೆ ನಂಬರಿಗೆ ಸರಿಯಾಗಿ ತೂಗುವ, ತೇಲುವ ಡಬಲ್ ಟೇಪರ್ ಸಾಕು. ಹತ್ತಿರದ ನೀರಿಗೆ ಅದರಷ್ಟು ಮೆಲ್ಲಗೆ ಇಳಿಯುವುದು ಬೇರೆ ಇಲ್ಲ, ಕೈಯ ತಪ್ಪನ್ನು ಮುಚ್ಚಿಡುವುದೂ ಇಲ್ಲ. ಎರಡನೆಯದು ಕೊಳ್ಳುವುದಾದರೆ ಉಷ್ಣ ಪ್ರದೇಶಕ್ಕೆಂದೇ ಮಾಡಿದ ವೇಟ್ ಫಾರ್ವರ್ಡ್. ಬೆಳಗಿನ ಅದರ ಮುನಿಸನ್ನು ಜಗ್ಗಿ ತೀರಿಸಿಕೊಳ್ಳಬೇಕು. ಕಿತ್ತಳೆಯನ್ನು ಕೆಟ್ಟ ದಾರ ಎನ್ನಲಾರೆ. ಅದನ್ನು 7ನೇ ನಂಬರಿನ ಕೋಲಿಗೆ ಹಾಕಿ ಯಾವುದಾದರೂ ತಂಪು ಹೊಳೆಗೆ ಒಯ್ದರೆ ಅದರ ಗುಣ ಕಾಣಬಹುದು. ನಮ್ಮ ಮೂಡಲಗಿಯ ಬಿಸಿಲಿಗೆ ಅದು ಬಂದದ್ದೇ ತಪ್ಪು, ತಂದವನು ನಾನು. ಮೂರನ್ನೂ ಕಾರಿನ ಗಾಜಿನಡಿ ಬಿಸಿಲಿಗೆ ಬಿಡಬಾರದು, ಸೊಳ್ಳೆ ಮುಲಾಮು ಹಚ್ಚಿದ ಕೈಯಿಂದ ಮುಟ್ಟಬಾರದು, ಲೇಪ ಬಿರಿಯುತ್ತದೆ.

ಹಸಿರು ದಾರದ ಮುಂದಿನ ತುದಿ ಈ ವರ್ಷ ಸವೆದು ಮುಳುಗತೊಡಗಿತು. ಡಬಲ್ ಟೇಪರ್ ಆದ್ದರಿಂದ ರೀಲಿನಿಂದ ಪೂರ್ತಿ ಬಿಚ್ಚಿ, ಅಂಗಳದಲ್ಲಿ ಬೇವಿನ ಗಿಡಕ್ಕೆ ಸುತ್ತಿ, ಹಿಂದು ಮುಂದು ಮಾಡಿ ಸುತ್ತಿಕೊಂಡೆ. ಹೊಸ ತುದಿಯನ್ನೂ ಪತ್ತಾರರಲ್ಲಿಗೆ ಒಯ್ದೆ. “ಮತ್ತ ಬಂತೇನ್ರಿ ನಿಮ್ಮ ಬಂಗಾರ?” ಅನ್ನುತ್ತ ತಕ್ಕಡಿಯನ್ನು ಸೊನ್ನೆಗೆ ತಂದರು. 10.4. ಡಬ್ಬಿ ಯಾವತ್ತೋ ಕಳೆದುಹೋಗಿದೆ. ರೀಲಿನ ಬೆನ್ನಿಗೆ ಆ ಅಂಕಿಯನ್ನೇ ಮಾರ್ಕರಿನಿಂದ ಬರೆದಿಟ್ಟಿದ್ದೇನೆ.